ನೋಟದ ಊರೂ ಬಾಳಿನ ಊರೂ



ಶಾಲೆಯ ವರ್ಷದ ವೃತ್ತಾಂತವು ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬಂದಿರುವದರಿಂದ ಅದನ್ನು ನಾವಿಲ್ಲಿ ಮರಳಿ ಹೇಳುವದಿಲ್ಲ. ಮಕ್ಕಳ ವಾರ್ಷಿಕ ಸಹಲಿನ ವಿಷಯವಾಗಿ ಪಾಲಕರಲ್ಲಿ ಕೆಲವರು ಎತ್ತಿದ ಒಂದು ಪ್ರಶ್ನೆಗೆ ಉತ್ತರ ಕೊಡುವದೇ ಈ ಲೇಖನದ ಉದ್ದೇಶವು. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿರುವ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಹಳ್ಳಿಯ ಜೀವನವೆಲ್ಲವೂ ಒಂದೇ ದಿನದಲ್ಲಿ, ಕೆಸರು ತುಳಿಯದೆ, ಅಚ್ಚುಕಟ್ಟಾಗಿ ನೋಡಲು ಸಿಗುತ್ತಿರುವಾಗ, ಮಕ್ಕಳನ್ನು ಮಾಸೂರಿನ ಕೆರೆ, ಹೊಲ, ಕೇರಿಗಳಲ್ಲಿ ತಿರುಗಾಡಿಸುವ ಶ್ರಮವೇತಕ್ಕೆ ಎಂದು ಅವರು ಕೇಳುತ್ತಾರೆ. ಪ್ರಶ್ನೆಯು ಸಹಜವಾದದ್ದೇ. ಆದರೆ ಪಡಿಯಚ್ಚನ್ನು ನೋಡಿದವರು ಮೂಲವನ್ನು ನೋಡಿದಂತೆಯೇ ಸರಿ ಎಂಬ ಒಂದು ತಿಳಿವಳಿಕೆಯು ಅದರ ಹಿಂದೆ ಅಡಗಿದೆ. ಆ ತಿಳಿವಳಿಕೆಯನ್ನು ನಾವು ಒಪ್ಪಲಾರೆವು.

ಮೊದಲು ಆ ಶಿಲ್ಪವನಕ್ಕೆ ಸಲ್ಲತಕ್ಕ ಮರ್ಯಾದೆಯನ್ನು ಸಲ್ಲಿಸೋಣ. ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿರುವ ಆ ತೋಟದಲ್ಲಿ ಸಾವಿರಕ್ಕೂ ಹೆಚ್ಚು ಶಿಲ್ಪಗಳಿವೆ. ಹೊಲದ ಕೆಲಸ, ಕುಶಲಕರ್ಮಿಗಳ ಕಸಬು, ದನ ಕಾಯುವದು, ಕುರಿ ಸಾಕುವದು, ಮನೆಗೆಲಸ ಇವೆಲ್ಲವುಗಳಲ್ಲಿ ತೊಡಗಿದ ಗಂಡಸರನ್ನೂ ಹೆಂಗಸರನ್ನೂ ಅಲ್ಲಿ ಆಳೆತ್ತರಕ್ಕೆ ನಿಲ್ಲಿಸಿದ್ದಾರೆ. ಇದನ್ನು ಕಟ್ಟಿದವರು ಕಲಾವಿದ ಡಾ. ಟಿ. ಬಿ. ಸೊಲಬಕ್ಕನವರು. ಅವರು ಅದೇ ತಾಲೂಕಿನ ಹುಲಸೋಗಿಯವರು, ದೊಡ್ಡಾಟದ ಏಳಿಗೆಗಾಗಿಯೂ ದುಡಿದವರು, 2020ರಲ್ಲಿ ತೀರಿಕೊಂಡರು. ತಾವು ಹುಟ್ಟಿ ಬೆಳೆದ ಬಾಳನ್ನೇ ಅವರು ಶಿಲ್ಪದಲ್ಲಿ ಹಿಡಿದರು. ಅದೇ ಗೊಟಗೋಡಿಯಲ್ಲಿ 2011ರಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಸ್ಥಾಪಿತವಾಯಿತು. ಇಂಥ ಎರಡು ಸಂಸ್ಥೆಗಳು ನಮ್ಮ ಜಿಲ್ಲೆಯಲ್ಲಿರುವದು ನಮಗೆ ಹೆಮ್ಮೆಯ ಸಂಗತಿಯು. ಸಹಲಿನಲ್ಲಿ ಗೊಟಗೋಡಿಯನ್ನು ಕೈಬಿಡಬೇಕೆಂದು ನಾವು ಹೇಳುತ್ತಿಲ್ಲ.

ಆದರೂ ಪಡಿಯಚ್ಚು ಎಂಬ ವಸ್ತುವಿಗೆ ಒಂದು ಸ್ವಭಾವವಿದೆ. ಅದನ್ನು ಸ್ಪಷ್ಟವಾಗಿ ಕಾಣಲು ಬಹಳ ದೂರದ ಒಂದು ಉದಾಹರಣೆಯು ಉಪಯೋಗಕ್ಕೆ ಬರುವದು. ಅಮೆರಿಕೆಯ ಫ್ಲಾರಿಡಾ ಸಂಸ್ಥಾನದಲ್ಲಿ ಡಿಸ್ನಿ ಕಂಪನಿಯವರ ವಿಹಾರಸ್ಥಾನದೊಳಗೆ ‘ಪಾಲಿನೇಶಿಯನ್ ವಿಲೇಜ್’ ಎಂಬ ಹೊಟೇಲು 1971ರಲ್ಲಿ ತೆರೆಯಿತು. ಪೆಸಿಫಿಕ್ ಮಹಾಸಾಗರದ ದ್ವೀಪಗಳ ಹಳ್ಳಿಯಂತೆ ತೋರುವ ಹಾಗೆ ಅದನ್ನು ಕಟ್ಟಿದ್ದಾರೆ. ಅದರ ಎದುರಿನ ಸರೋವರವು ಮನುಷ್ಯರು ತೋಡಿದ್ದು. ಅಲ್ಲಿಯ ವಸತಿಗೃಹಗಳಿಗೆ ಸಮೋವಾ, ಟೋಂಗಾ, ಫಿಜಿ, ಟುವಾಲು ಮುಂತಾದ ದ್ವೀಪಗಳ ಹೆಸರುಗಳನ್ನಿಟ್ಟಿದ್ದಾರೆ. ಅತಿಥಿಗಳು ಹೂಮಾಲೆ ಧರಿಸಿ, ತಾಳೆಗಿಡಗಳ ನೆರಳಲ್ಲಿ ಕುಳಿತು, ದ್ವೀಪವಾಸಿಗಳ ಬಾಳು ಎಷ್ಟು ನಿಶ್ಚಿಂತವಾದದ್ದೆಂದು ಭಾವಿಸಿಕೊಂಡು ಮನೆಗೆ ಮರಳುವರು. ನೀರಿನ ಮೇಲೆ ಕಂಬ ನಿಲ್ಲಿಸಿ ಕಟ್ಟಿದ ಬಂಗಲೆಗಳೂ ಅಲ್ಲಿ 2015ರಿಂದ ಇವೆ. ಇವು ದ್ವೀಪದವರ ಪುರಾತನ ಮನೆಗಳೆಂದು ನೋಡುವವರು ತಿಳಿಯುವದು ಸಹಜ. ಆದರೆ ಪಾಲಿನೇಶಿಯದಲ್ಲಿ ಇಂಥ ಬಂಗಲೆಗಳನ್ನು ಮೊದಲು ಕಟ್ಟಿದವರು ಅಮೆರಿಕೆಯಿಂದ ಬಂದ ಹೊಟೇಲಿನ ಮಾಲಕರು. ಕಟ್ಟಿದ್ದು ರಾಯಾಟೇಯಾ ಎಂಬ ದ್ವೀಪದಲ್ಲಿ, 1967ರಲ್ಲಿ. ಎಂದರೆ ಪ್ರವಾಸಿಗರ ಸಲುವಾಗಿ ಹುಟ್ಟಿದ ವಸ್ತುವನ್ನೇ ದ್ವೀಪದ ಗುರುತೆಂದು ಲೋಕವು ನಂಬಿತು.

ಇನ್ನು ಆ ಹೆಸರುಗಳನ್ನು ಹೊತ್ತ ನಿಜವಾದ ದ್ವೀಪಗಳ ಸ್ಥಿತಿಯನ್ನು ನೋಡಿರಿ. ಟುವಾಲು ಒಂಬತ್ತು ದ್ವೀಪಗಳ ಚಿಕ್ಕ ರಾಷ್ಟ್ರ. ಅಲ್ಲಿಯ ಜನಸಂಖ್ಯೆಯು ಹನ್ನೊಂದು ಸಾವಿರದ ಆಸುಪಾಸು. ನೆಲವು ಸಮುದ್ರಕ್ಕಿಂತ ಸರಾಸರಿ ಎರಡು ಮೀಟರಿನಷ್ಟು ಮಾತ್ರ ಎತ್ತರ. ಸಮುದ್ರವು ಏರುತ್ತಿರುವ ಕಾರಣ ಅಲ್ಲಿಯವರು ತಮ್ಮ ನಾಡು ಉಳಿದೀತೇ ಎಂಬ ಚಿಂತೆಯಲ್ಲಿದ್ದಾರೆ. 2023ರಲ್ಲಿ ಸಹಿಯಾಗಿ 2024ರಲ್ಲಿ ಜಾರಿಗೆ ಬಂದ ಒಂದು ಒಪ್ಪಂದದ ಮೇರೆಗೆ ಪ್ರತಿವರ್ಷ 280 ಜನರಿಗೆ ಆಸ್ಟ್ರೇಲಿಯದಲ್ಲಿ ನೆಲಸಲು ಅವಕಾಶವಿದೆ. ಫ್ಲಾರಿಡಾದ ‘ಟುವಾಲು’ವಿನಲ್ಲಿ ಮಲಗಿ ಏಳುವವರಿಗೆ ಈ ಚಿಂತೆಯ ಗಾಳಿಯೂ ತಾಕುವದಿಲ್ಲ. ಫ್ರೆಂಚರ ಅಧೀನದಲ್ಲಿರುವ ಪಾಲಿನೇಶಿಯದಲ್ಲಿ 1966ರಿಂದ 1996ರ ವರೆಗೆ 193 ಅಣುಬಾಂಬಿನ ಪರೀಕ್ಷೆಗಳು ನಡೆದವು. ಹೂಮಾಲೆಯ ಚಿತ್ರದಲ್ಲಿ ಅದಕ್ಕೂ ಎಡೆಯಿಲ್ಲ.

ಫಿಜಿಯ ಮಾತಂತೂ ನಮ್ಮ ದೇಶದವರ ಮಾತೇ ಆಗಿದೆ. 1879ರಿಂದ 1916ರ ವರೆಗೆ ಸುಮಾರು ಅರವತ್ತು ಸಾವಿರ ಹಿಂದೀ ಜನರನ್ನು, ಹೆಂಗಸರನ್ನೂ ಕೂಡಿ, ಕರಾರಿನ ಕೂಲಿಗಳನ್ನಾಗಿ ಅಲ್ಲಿಯ ಕಬ್ಬಿನ ತೋಟಗಳಿಗೆ ಹಡಗಿನಲ್ಲಿ ಸಾಗಿಸಿದರು. ಆ ಕರಾರಿಗೆ ಅವರು ‘ಗಿರ್ಮಿಟ್’ ಎಂದು ಕರೆದರು. 1915ರಲ್ಲಿ ದೀನಬಂಧು ಸಿ. ಎಫ್. ಆಂಡ್ರ್ಯೂಸರು ಸ್ವತಃ ಫಿಜಿಗೆ ಹೋಗಿ, ಕೂಲಿಗಳ ಸಾಲುಮನೆಗಳನ್ನು ಕಣ್ಣಾರೆ ಕಂಡು, ಅಲ್ಲಿಯ ಸ್ಥಿತಿಯನ್ನು ನಮ್ಮ ದೇಶದ ಜನರ ಮುಂದಿಟ್ಟರು. ಆ ಪದ್ಧತಿಯ ವಿರುದ್ಧ ಎದ್ದ ಕೂಗಿಗೆ ಅವರ ವರದಿಯಿಂದ ಬಹಳ ಬಲ ಬಂದಿತು. 1920ರಲ್ಲಿ ಉಳಿದ ಕರಾರುಗಳೂ ರದ್ದಾದವು. ಮೂಲವನ್ನು ಕಂಡವರಿಗೆ ಒಂದು ಕರ್ತವ್ಯವು ಗಂಟುಬೀಳುವದು. ಅಚ್ಚನ್ನಷ್ಟೇ ಕಂಡವರು ಸಂತೋಷಪಟ್ಟು ಮನೆಗೆ ಬರುವರು. ನಮ್ಮ ವಾದವೆಲ್ಲವೂ ಈ ಒಂದು ಭೇದದ ಮೇಲೆ ನಿಂತಿದೆ.

ಗೊಟಗೋಡಿಯ ತೋಟವನ್ನು ಆ ಹೊಟೇಲಿನ ಸಾಲಿಗೆ ಸೇರಿಸುವದು ಅನ್ಯಾಯವಾದೀತು. ಆ ಹೊಟೇಲನ್ನು ಪರರು ಪರರ ಬಾಳನ್ನು ಕುರಿತು ವ್ಯಾಪಾರಕ್ಕಾಗಿ ಕಟ್ಟಿದರು. ಗೊಟಗೋಡಿಯದನ್ನು ಹಳ್ಳಿಯ ಮಗನೇ ತನ್ನವರ ನೆನಪಿಗಾಗಿ ಕಟ್ಟಿದನು. ಮರೆಯಾಗುತ್ತಿರುವ ಕಸಬುಗಳನ್ನೂ ಉಡಿಗೆತೊಡಿಗೆಗಳನ್ನೂ ಅದು ನಮ್ಮ ಮಕ್ಕಳಿಗಾಗಿ ಕಾಯ್ದಿಟ್ಟಿದೆ. ಆದರೆ ಎಷ್ಟು ಪ್ರೀತಿಯಿಂದ ಮಾಡಿದರೂ ಶಿಲ್ಪವು ಶಿಲ್ಪವೇ. ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸಿನ ಮೂರ್ತಿಯನ್ನು ಎಂಥ ಕುಶಲಿಯು ಮಾಡಿದರೂ ಅವಳ ರಟ್ಟೆಯು ನೋಯುವದಿಲ್ಲ. ಕೋಳಿ ಕೂಗುವ ಮೊದಲೇ ಎದ್ದು, ಮನೆಮಂದಿಯ ರೊಟ್ಟಿಗಾಗಿ ಜೋಳ ಬೀಸಿ, ಬಳಿಕ ನೀರು ಹೊತ್ತು, ಬಳಿಕ ಹೊಲಕ್ಕೆ ಹೋದವಳ ದಣಿವನ್ನು ಸಿಮೆಂಟಿನಲ್ಲಿ ಮೂಡಿಸಲಾಗದು. ಆ ಮನೆಯ ಹೆಣ್ಣುಮಗಳು ಏಕೆ ಶಾಲೆಯ ಮೆಟ್ಟಿಲು ಹತ್ತಲಿಲ್ಲವೆಂಬದನ್ನೂ ಮೂರ್ತಿಯು ಹೇಳಲಾರದು. ಊರ ಬಾವಿಯನ್ನು ಅಂದವಾಗಿ ಕಡೆದು ನಿಲ್ಲಿಸಬಹುದು. ಆ ಬಾವಿಗೆ ಯಾರು ಕೊಡ ಇಳಿಬಿಡಬಹುದಾಗಿತ್ತು, ಯಾರು ದೂರ ನಿಂತು ಕಾಯಬೇಕಾಗಿತ್ತು ಎಂಬದನ್ನು ಯಾರಾದರೂ ಬಾಯಿ ಬಿಟ್ಟು ಹೇಳದ ಹೊರತು ಮಕ್ಕಳಿಗೆ ತಿಳಿಯುವ ಬಗೆಯಿಲ್ಲ.

ಹೆಣ್ಣುಮಕ್ಕಳ ಶಾಲೆಯವರಾದ ನಮಗೆ ಈ ಮಾತು ಮುಖ್ಯವಾದದ್ದು. ಹಿಟ್ಟಿನ ಗಿರಣಿಯೂ ನಳದ ನೀರೂ ಬಂದು ನಮ್ಮ ತಾಯಂದಿರ ಹೆಗಲಿನ ಭಾರವನ್ನು ಇಳಿಸಿದವು. ಎಷ್ಟೋ ಹುಡುಗಿಯರಿಗೆ ಓದುವ ಹೊತ್ತನ್ನು ದೊರಕಿಸಿಕೊಟ್ಟವು. ಆದುದರಿಂದ ಹಳೆಯ ಕಾಲವನ್ನು ಚಿತ್ರದಲ್ಲಿ ಕಂಡು, ಅದೇ ಚೆನ್ನಾಗಿತ್ತೆಂದು ಹಲುಬುವ ಹವ್ಯಾಸವನ್ನು ನಮ್ಮ ಮಕ್ಕಳಿಗೆ ಕಲಿಸುವದು ಬೇಡ. ಬೀಸುವ ಕಲ್ಲಿಗೆ ಗೌರವವಿರಲಿ. ಅದರ ಮುಂದೆ ಮರಳಿ ಕೂಡ್ರುವ ಆಶೆಯು ಯಾರಿಗೂ ಇರಬೇಕಾಗಿಲ್ಲ.

ಇನ್ನು ನಮ್ಮ ಮಾಸೂರಿನ ಕಡೆಗೆ ತಿರುಗೋಣ. ಕುಮುದ್ವತಿ ನದಿಗೆ ಒಡ್ಡು ಹಾಕಿ ಕಟ್ಟಿದ ಮದಗದ ಕೆರೆಯು ವಿಜಯನಗರದ ಅರಸರ ಕಾಲದ್ದೆಂದು ಪ್ರಸಿದ್ಧವಾಗಿದೆ. ಕೆರೆಯ ಮೂರ್ತಿಯನ್ನು ಮಾಡಬಹುದೇನು? ನೀರು ತುಂಬಿಸಿದ ಒಂದು ಹೊಂಡವನ್ನು ತೋರಿಸಬಹುದು. ಆದರೆ ಕೆರೆಯೆಂದರೆ ನೀರಷ್ಟೇ ಅಲ್ಲ. ಏರಿಯ ಗಟ್ಟಿತನ, ತೂಬಿನ ಲೆಕ್ಕ, ಕೋಡಿಯ ಹರಿವು, ಹೂಳು ತೆಗೆಯುವವರ ಒಗ್ಗಟ್ಟು, ಮೇಲಿನ ಹೊಲದವನಿಗೂ ಕೆಳಗಿನ ಹೊಲದವನಿಗೂ ನಡುವಿನ ನ್ಯಾಯ ಇವೆಲ್ಲವೂ ಕೂಡಿಯೇ ಕೆರೆಯು. ಶಿಲ್ಪದ ಬಣ್ಣವು ಮಾಸಿದರೆ ಒಡೆಯನೊಬ್ಬನು ಬಣ್ಣ ಬಳಿಸುವನು. ಕೆರೆಯಲ್ಲಿ ಹೂಳು ತುಂಬಿದರೆ ಊರೆಲ್ಲವೂ ಯೋಚಿಸಬೇಕಾಗುವದು. ಏರಿಯ ಮೇಲೆ ನಿಂತು, ಈ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಯಾರಿಗೆ ಮುಟ್ಟುವದಿಲ್ಲ ಎಂದು ಕೇಳಲು ಕಲಿತ ಹುಡುಗಿಯು ನಾಳೆ ಪಂಚಾಯತಿಯಲ್ಲಿ ಕುಳಿತಾಗ ಅದೇ ಪ್ರಶ್ನೆಯನ್ನು ಧೈರ್ಯದಿಂದ ಕೇಳುವಳು. ಇಂಥ ಶಿಕ್ಷಣವು ತಿಕೀಟು ಕೊಂಡರೆ ಸಿಗತಕ್ಕದ್ದಲ್ಲ.

ಈಗಿನ ಹಳ್ಳಿಯಲ್ಲಿ ನೋಡತಕ್ಕದ್ದು ಏನೂ ಉಳಿದಿಲ್ಲವೆಂದು ಕೆಲವರು ಹೇಳಬಹುದು. ಚಕ್ಕಡಿಯ ಬದಲು ಟ್ರ್ಯಾಕ್ಟರು ಬಂದಿದೆ, ಜೋಳದ ಹೊಲಗಳಲ್ಲಿ ಗೋವಿನಜೋಳವು ನಿಂತಿದೆ, ಹಗೇವುಗಳು ಮುಚ್ಚಿಹೋಗಿವೆ, ಕಟ್ಟೆಯ ಮೇಲೆ ಕುಳಿತವರೆಲ್ಲರ ಕೈಯಲ್ಲಿಯೂ ಮೊಬೈಲು ಇದೆ. ಇದೆಲ್ಲವೂ ನಿಜ. ಆದರೆ ಬದಲಾಗುವದೇ ಜೀವವಿದ್ದುದರ ಲಕ್ಷಣವು. ಗೊಟಗೋಡಿಯ ರೈತನು ಹತ್ತು ವರುಷ ಬಿಟ್ಟು ಹೋದರೂ ಅದೇ ಭಂಗಿಯಲ್ಲಿ ನಿಂತಿರುವನು. ಮಾಸೂರಿನ ರೈತನು ಈ ವರ್ಷ ಏನು ಬಿತ್ತಬೇಕು, ಸಾಲವನ್ನು ಹೇಗೆ ತೀರಿಸಬೇಕು, ಮಗಳನ್ನು ಎಲ್ಲಿಯ ವರೆಗೆ ಓದಿಸಬೇಕು ಎಂದು ಯೋಚಿಸುತ್ತಿರುವನು. ಹಳೆಯ ಉಡಿಗೆಯಲ್ಲಿ ಕಾಣಿಸದ ಮಾತ್ರಕ್ಕೆ ಇವನು ನೋಡತಕ್ಕವನಲ್ಲವೆನ್ನುವದು, ಹೂಮಾಲೆ ಹಾಕಿಕೊಳ್ಳದ ದ್ವೀಪವಾಸಿಯು ದ್ವೀಪವಾಸಿಯೇ ಅಲ್ಲವೆಂದಂತೆ ಆಗುವದು.

ನಮಗೆ ಇನ್ನೊಂದು ಭಯವೂ ಇದೆ. ಪಾಲಕರು ಸಿಟ್ಟಾಗದೆ ಕೇಳಬೇಕು. ಶಿಲ್ಪದ ಅಜ್ಜಿಯ ಮಗ್ಗುಲಲ್ಲಿ ನಿಂತು ನಗುನಗುತ್ತ ಫೋಟೋ ತೆಗೆಸಿಕೊಳ್ಳುವ ಹುಡುಗಿಯರಲ್ಲಿ ಕೆಲವರು, ಶಾಲೆಯ ಸಮಾರಂಭಕ್ಕೆ ಇಳಕಲ್ಲ ಸೀರೆಯುಟ್ಟು ಬಂದ ಸ್ವಂತ ಅಜ್ಜಿಯನ್ನು ಗೆಳತಿಯರಿಗೆ ತೋರಿಸಲು ಸಂಕೋಚಪಡುತ್ತಾರೆ. ಮೂರ್ತಿಯು ಮೆಚ್ಚಿಗೆಯ ವಸ್ತುವಾಗಿ, ಮನುಷ್ಯಳು ನಾಚಿಕೆಯ ವಸ್ತುವಾದರೆ ನಮ್ಮ ಶಿಕ್ಷಣವೆಲ್ಲವೂ ನೀರಿನಲ್ಲಿ ಹೋಮಮಾಡಿದಂತೆಯೇ ಸರಿ. ಮಿರಗದ ಮಳೆಗೆ ಏನು ಬಿತ್ತಬೇಕು, ಬೀಜವನ್ನು ಹೇಗೆ ಕಾಯ್ದಿಡಬೇಕು, ಬಾಣಂತಿಗೆ ಏನು ಉಣಿಸಬೇಕು, ಬರಗಾಲದಲ್ಲಿ ಏನು ತಿಂದು ಬದುಕಿದರು ಎಂಬದನ್ನು ಆ ಅಜ್ಜಿಯು ಬಲ್ಲಳು. ಅವಳು ಹೇಳದೆ ಹೋದರೆ ಆ ಅರಿವು ಅವಳೊಂದಿಗೇ ಮಣ್ಣಾಗುವದು. ಮೂರ್ತಿಯಾದರೋ ಇನ್ನೂ ನೂರು ವರುಷ ನಿಂತೀತು. ಅದನ್ನು ನೋಡಲು ಅವಸರವಿಲ್ಲ.

ಆದುದರಿಂದ ನಮ್ಮ ಸೂಚನೆಯು ಹೀಗಿದೆ. ಸಹಲಿನಲ್ಲಿ ಒಂದು ದಿನವು ಗೊಟಗೋಡಿಗೆ ಸಲ್ಲಲಿ. ಇನ್ನೊಂದು ದಿನವು ನಮ್ಮ ಊರಿನ ಕೆರೆ, ಹೊಲ, ಕೇರಿ, ಗಿರಣಿ, ಸಂತೆಗಳಿಗೆ ಸಲ್ಲಲಿ. ತೋಟದಲ್ಲಿ ಕಂಡದ್ದನ್ನೆಲ್ಲ ಬರೆಯಿರೆಂದು ಮಕ್ಕಳಿಗೆ ನಾವು ಹೇಳುವದಿಲ್ಲ. ಅಲ್ಲಿ ಕಾಣದೆ ಇದ್ದುದು ಏನೆಂಬದನ್ನು ಮನೆಯ ಹಿರಿಯರನ್ನು ಕೇಳಿ ಬರೆಯಿರೆಂದು ಹೇಳುವೆವು. ಕೂರಿಗೆ, ಕುಂಟೆ, ರಂಟೆ, ಮೊರ, ಒನಕೆ ಈ ಹೆಸರುಗಳನ್ನು ಅವುಗಳನ್ನು ಹಿಡಿದವರ ಬಾಯಿಂದಲೇ ಕೇಳಿ, ಶಾಲೆಯ ಒಂದು ವಹಿಯಲ್ಲಿ ಕೂಡಿಹಾಕೋಣ. ಬಾಸೆಲ್ ಮಿಶನ್ನಿನ ರೆವರೆಂಡ್ ಫರ್ಡಿನಾಂಡ್ ಕಿಟೆಲರು ದೂರದ ಜರ್ಮನಿಯಿಂದ ಬಂದು ಕನ್ನಡದ ಶಬ್ದಗಳನ್ನು ವರ್ಷಗಟ್ಟಲೆ ಕೂಡಿಸಿ 1894ರಲ್ಲಿ ದೊಡ್ಡ ನಿಘಂಟನ್ನು ಪ್ರಕಟಿಸಿದರು. ಇಲ್ಲಿಯೇ ಹುಟ್ಟಿದ ನಮ್ಮ ಹೆಣ್ಣುಮಕ್ಕಳು ತಮ್ಮ ಕೇರಿಯ ಇನ್ನೂರು ಶಬ್ದಗಳನ್ನಾದರೂ ಕೂಡಿಸಲಾರರೇ?

ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ವಿನಂತಿಯಿದೆ. ನೀವು ಹುಬ್ಬಳ್ಳಿ, ಬೆಂಗಳೂರು, ಮುಂಬಯಿಗಳಲ್ಲಿಯೂ ಅದಕ್ಕಿಂತ ದೂರದಲ್ಲಿಯೂ ಸಂಸಾರ ಹೂಡಿದ್ದೀರಿ. ಸೂಟಿಯಲ್ಲಿ ಮಕ್ಕಳನ್ನು ಕರಕೊಂಡು ಬರುವಾಗ ಗೊಟಗೋಡಿಯಲ್ಲಿ ಅವಶ್ಯವಾಗಿ ಇಳಿಯಿರಿ. ಆದರೆ ಅಲ್ಲಿಂದಲೇ ಹಿಂದಿರುಗಬೇಡಿರಿ. ತವರೂರಿಗೆ ಬಂದು ಎರಡು ದಿನವಾದರೂ ಇರಿ. ಮಕ್ಕಳು ಕೆರೆಯ ಏರಿಯ ಮೇಲೆ ನಡೆಯಲಿ, ಅಜ್ಜಿಯ ಹತ್ತರ ಕುಳಿತು ಪ್ರಶ್ನೆ ಕೇಳಲಿ, ಊರಿನ ಕುಂದುಕೊರತೆಗಳನ್ನೂ ಕಣ್ಣಾರೆ ಕಾಣಲಿ. ನಿಮ್ಮ ಮನೆಯ ಹಿರಿಯರಿಂದ ಕೇಳಿದ ಶಬ್ದಗಳನ್ನೂ ಸಂಗತಿಗಳನ್ನೂ ಬರೆದು ಶಾಲೆಗೆ ಕಳಿಸಿಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಅವುಗಳಿಗೆ ಸಂತೋಷದಿಂದ ಸ್ಥಳ ಕೊಡುವೆವು.