ಸುತ್ತಿಬಳಸದೆ ಕೇಳಿಬಿಡಿ

ಕಳೆದ ತಿಂಗಳು ಜಯನಗರ 4ನೇ ಬ್ಲಾಕ್‌ನಲ್ಲಿ ದೋಸೆ ತಿನ್ನುತ್ತಾ ಕೂತಿದ್ವಿ, ನಾನು ಮತ್ತು ನನ್ನ ಚಿಕ್ಕಪ್ಪನ ಮಗ. ಬಿಟಿಎಂ ಲೇಔಟ್‌ನ ಪಿಜಿಯಲ್ಲಿದ್ದಾನೆ, ಎಂಟು ತಿಂಗಳಿಂದ ಕೆಲಸ ಹುಡುಕ್ತಿದ್ದಾನೆ. ಅರ್ಧ ದೋಸೆ ಬಿಟ್ಟು, ತಲೆ ಎತ್ತದೆ, ‘ನಾನಿಲ್ಲದಿದ್ರೆ ಮನೆಯವರಿಗೆ ಭಾರ ಕಮ್ಮಿಯಾಗುತ್ತಣ್ಣ’ ಅಂದ.

ನನ್ನ ಬಾಯಿಂದ ತಕ್ಷಣ ಬಂದದ್ದು, ‘ಏಯ್, ಹಾಗೆಲ್ಲ ಮಾತಾಡ್ಬೇಡ್ವೋ, ಎಲ್ಲ ಸರಿಹೋಗುತ್ತೆ.’ ಅವನು ಸುಮ್ಮನಾದ. ಧೈರ್ಯ ಹೇಳಿದೆ ಅಂದ್ಕೊಂಡಿದ್ದೆ. ನಿಜಕ್ಕೂ ಅವನ ಮಾತನ್ನ ಅಲ್ಲಿಗೇ ನಿಲ್ಲಿಸಿದ್ದೆ.

ಮೆಟ್ರೋ ಸ್ಟೇಷನ್ ಕಡೆ ನಡೆಯುವಾಗ ಮನಸ್ಸು ತಡೀಲಿಲ್ಲ. ‘ಸಾಯ್ಬೇಕು ಅನ್ನಿಸ್ತಿದೆಯೇನೋ?’ ಅಂತ ಕೇಳಿಬಿಟ್ಟೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತೆ ಎಂಬ ಭಯ ನಮಗೆಲ್ಲ ಇದೆ. ಹಾಗಾಗುವುದಿಲ್ಲ ಎಂದೇ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಅವನು ಅತ್ತ. ಆಮೇಲೆ ಒಂದು ಗಂಟೆ ಮಾತಾಡಿದ. ನಾನು ಬುದ್ಧಿ ಹೇಳಲಿಲ್ಲ, ಕೇಳಿಸ್ಕೊಂಡೆ.

ಆ ರಾತ್ರಿ ಅವನನ್ನ ಒಬ್ಬನೇ ಬಿಡದೆ ಬನಶಂಕರಿಯ ನಮ್ಮ ಮನೆಗೆ ಕರ್ಕೊಂಡು ಬಂದೆ. ಇಬ್ಬರೂ ಕೂತು 14416ಕ್ಕೆ ಫೋನ್ ಮಾಡಿದ್ವಿ. ಅದು ಟೆಲಿ-ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ಇದರ ಹಿಂದೆ ಇರುವುದು ನಮ್ಮ ನಿಮ್ಹಾನ್ಸ್. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮುಂದಿನ ವಾರ ಬಿಟಿಎಂನಲ್ಲೇ ಇರುವ ನಿಮ್ಹಾನ್ಸ್‌ನ ಸೆಂಟರ್ ಫಾರ್ ವೆಲ್ ಬೀಯಿಂಗ್‌ಗೆ ಹೋದ್ವಿ. ‘ಇಷ್ಟು ಹತ್ತಿರ ಇದೆ ಅಂತ ಗೊತ್ತೇ ಇರ್ಲಿಲ್ಲ’ ಅಂದ.

ಯಾರಿಗಾದರೂ ಈ ಗಳಿಗೆಯಲ್ಲೇ ಅಪಾಯ ಅನ್ನಿಸಿದರೆ ಕಾಯಬೇಡಿ. 112ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಜೊತೆಯಲ್ಲೇ ಹೋಗಿ. ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರಿ ಆತ್ಮಹತ್ಯಾ ಯತ್ನವನ್ನ ಮುಚ್ಚಿಡುವ ಮನೆಗಳಿವೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಯತ್ನಿಸಿದವರನ್ನ ತೀವ್ರ ಒತ್ತಡದಲ್ಲಿದ್ದವರು ಎಂದೇ ಭಾವಿಸುತ್ತದೆ. ಅವರಿಗೆ ಆರೈಕೆ ಕೊಡುವ ಹೊಣೆಯನ್ನೂ ಸರ್ಕಾರದ ಮೇಲೆ ಹಾಕಿದೆ.

ಇದನ್ನೆಲ್ಲ ಅವನನ್ನ ಕೇಳಿಯೇ ಬರೀತಿದ್ದೀನಿ. ಕೆಲಸ ಇನ್ನೂ ಸಿಕ್ಕಿಲ್ಲ. ಕೆಟ್ಟ ದಿನಗಳು ಈಗಲೂ ಬರುತ್ತವೆ. ಆದರೆ ಅಂಥ ದಿನ ಅವನೇ ಫೋನ್ ಮಾಡಿ ‘ಅಣ್ಣಾ, ಇವತ್ತು ಸರಿಯಿಲ್ಲ’ ಅಂತಾನೆ. ನನಗೆ ಅಷ್ಟು ಸಾಕು.

14416 ಈಗಲೇ ಸೇವ್ ಮಾಡ್ಕೊಳ್ಳಿ. ಇದನ್ನ ಓದುವಾಗ ಇತ್ತೀಚೆಗೆ ಮಾತು ಕಮ್ಮಿ ಮಾಡಿರುವ ಯಾರಾದರೂ ನೆನಪಾದರಾ? ಮೆಸೇಜ್ ಬೇಡ, ಕಾಲ್ ಮಾಡಿ.