ಗಂಟಲಲ್ಲೊಂದು ಚೀಲ

ಇಫ್ತಾರಿನ ಹೊತ್ತು. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತಿದ್ದಾರೆ. ಅಜ್ಜ ಖರ್ಜೂರದ ತುಂಡೊಂದನ್ನು ಬಾಯಿಗಿಟ್ಟು ಕೆಮ್ಮುತ್ತಾರೆ. ನೀರು ಕುಡಿದು ಮತ್ತೆ ಕೆಮ್ಮುತ್ತಾರೆ. ಕೊನೆಗೆ ತಟ್ಟೆ ಸರಿಸಿ ಎದ್ದು ಹೋಗುತ್ತಾರೆ. "ವಯಸ್ಸಾಯಿತಲ್ಲ" ಎನ್ನುತ್ತಾನೆ ಮಗ. "ಏನು ಮಾಡಿ ಕೊಟ್ಟರೂ ಅವರಿಗೆ ಹಿಡಿಸುವುದಿಲ್ಲ" ಎಂದು ಸೊಸೆಗೆ ಬೇಸರ.

ಪ್ರಿಯ ವಾಚಕರೇ, ನಿಮ್ಮ ಮನೆಯಲ್ಲೂ ಹೀಗಾಗುತ್ತಿದೆಯೇ? ಹಾಗಿದ್ದರೆ ಅದು ಹಿರಿಯರ ಹಠವೆಂದು ತೀರ್ಮಾನಿಸಬೇಡಿ. ಅದೊಂದು ಕಾಯಿಲೆಯಾಗಿರಬಹುದು.

ಗಂಟಲು ಮುಗಿದು ಅನ್ನನಾಳ ಆರಂಭವಾಗುವಲ್ಲಿ ಉಂಗುರದಂತಹ ಒಂದು ಸ್ನಾಯುವಿದೆ. ನಾವು ನುಂಗುವಾಗ ಅದು ಸಡಿಲಗೊಂಡು ದಾರಿ ಬಿಡುತ್ತದೆ. ಕೆಲವರಲ್ಲಿ ಅದು ಸರಿಯಾಗಿ ತೆರೆಯುವುದಿಲ್ಲ. ಆಗ ಮೇಲಿನಿಂದ ಒತ್ತಡ ಹೆಚ್ಚುತ್ತದೆ. ಆ ಉಂಗುರದ ಸ್ವಲ್ಪ ಮೇಲೆ, ಗಂಟಲಿನ ಹಿಂಗೋಡೆಯಲ್ಲಿ ಒಂದು ದುರ್ಬಲ ಜಾಗವಿದೆ. ಸವೆದ ಟಯರಿನ ಬಿರುಕಿನಲ್ಲಿ ಟ್ಯೂಬ್ ಉಬ್ಬಿ ಹೊರಬರುವಂತೆ, ಗಂಟಲಿನ ಒಳಪದರ ಅಲ್ಲಿ ಉಬ್ಬಿ ಕ್ರಮೇಣ ಚೀಲವಾಗುತ್ತದೆ. 1877ರಲ್ಲಿ ಇದನ್ನು ವಿವರಿಸಿದ ಜರ್ಮನಿಯ ವೈದ್ಯ ಝೆಂಕರ್ ಅವರ ಹೆಸರಿನಿಂದ ಇದಕ್ಕೆ ಝೆಂಕರ್ಸ್ ಡೈವರ್ಟಿಕ್ಯುಲಮ್ ಎನ್ನುತ್ತಾರೆ. ಇದು ಅಪರೂಪದ ಕಾಯಿಲೆ. ಅರುವತ್ತು ದಾಟಿದವರಲ್ಲಿ, ಅದರಲ್ಲೂ ಗಂಡಸರಲ್ಲಿ ಹೆಚ್ಚು.

ತಿಂದದ್ದು ಹೊಟ್ಟೆಗಿಳಿಯುವ ಬದಲು ಈ ಚೀಲದಲ್ಲಿ ಉಳಿಯುತ್ತದೆ. ಗಂಟೆಗಳ ನಂತರ ಜೀರ್ಣವಾಗದೆ ಹಾಗೆಯೇ ಬಾಯಿಗೆ ಬರುತ್ತದೆ. ಕುತ್ತಿಗೆಯಲ್ಲಿ ಗುಳುಗುಳು ಸದ್ದಾಗಬಹುದು. ನುಂಗಿದ ಮಾತ್ರೆಯೂ ಅಲ್ಲೇ ಸಿಕ್ಕಿಕೊಳ್ಳಬಹುದು. ಉಳಿದ ಆಹಾರ ಕೊಳೆತು ಬಾಯಿಯಿಂದ ದುರ್ವಾಸನೆ ಬರುತ್ತದೆ. ಐದು ಹೊತ್ತು ಮಿಸ್ವಾಕ್ ಮಾಡಿದರೂ ಅದು ಹೋಗುವುದಿಲ್ಲ. ಏಕೆಂದರೆ ವಾಸನೆಯ ಮೂಲ ಹಲ್ಲಿನಲ್ಲಿಲ್ಲ. ಪಕ್ಕದವರಿಗೆ ತೊಂದರೆಯಾದೀತೆಂಬ ಸಂಕೋಚದಿಂದ ಜಮಾಅತ್ತಿಗೆ ಹೋಗುವುದನ್ನೇ ಬಿಟ್ಟು ಮನೆಯಲ್ಲಿ ನಮಾಝ್ ಮಾಡುವ ಹಿರಿಯರ ನೋವನ್ನು ನೀವೇ ಊಹಿಸಿಕೊಳ್ಳಿ.

ಅಪಾಯ ಇಷ್ಟಕ್ಕೇ ಮುಗಿಯುವುದಿಲ್ಲ. ಮಲಗಿದಾಗ ಚೀಲದಲ್ಲಿದ್ದ ಆಹಾರ ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಊಟ ಕಡಿಮೆಯಾಗಿ ದೇಹ ಸೊರಗುತ್ತದೆ.

ಆದ್ದರಿಂದ ಮನೆಮದ್ದಿನಲ್ಲಿ ದಿನ ಕಳೆಯದೆ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಿರಿ. ನುಂಗಲು ಕಷ್ಟವಾಗುವುದಕ್ಕೆ ಕ್ಯಾನ್ಸರ್, ಪಾರ್ಶ್ವವಾಯುಗಳೂ ಕಾರಣವಾಗಬಹುದು. ಪರೀಕ್ಷೆಯಾಗದೆ ತಿಳಿಯದು. ಬೇರಿಯಂ ದ್ರವ ಕುಡಿಸಿ ಎಕ್ಸ್‌ರೇ ತೆಗೆದರೆ ಚೀಲ ಸ್ಪಷ್ಟವಾಗಿ ಕಾಣುತ್ತದೆ. ಎಂಡೋಸ್ಕೋಪಿ ಮಾಡುವುದಿದ್ದರೆ ಈ ಲಕ್ಷಣಗಳನ್ನು ವೈದ್ಯರಿಗೆ ಮೊದಲೇ ಹೇಳಿ. ಕೊಳವೆ ತಪ್ಪಿ ಚೀಲದೊಳಗೆ ಹೋದರೆ ಅದು ತೂತಾಗುವ ಭಯವಿದೆ.

ಚೀಲ ಚಿಕ್ಕದಾಗಿದ್ದು ತೊಂದರೆ ಇಲ್ಲದಿದ್ದರೆ ಚಿಕಿತ್ಸೆ ಬೇಕಾಗದು. ತೊಂದರೆ ಇದ್ದರೆ ಬಿಗಿಯಾದ ಸ್ನಾಯುವನ್ನು ಕತ್ತರಿಸಿ ದಾರಿ ಸರಿಪಡಿಸುತ್ತಾರೆ. ಕುತ್ತಿಗೆಯ ಮೂಲಕವೂ ಇದನ್ನು ಮಾಡಬಹುದು. ಅನೇಕರಿಗೆ ಹೊರಗೆ ಗಾಯವಿಲ್ಲದೆ ಬಾಯಿಯ ಮೂಲಕವೇ ಮಾಡಲು ಸಾಧ್ಯ. ಮಾತ್ರೆಯಿಂದ ಚೀಲ ಹೋಗುವುದಿಲ್ಲ. ಚಿಕಿತ್ಸೆಯಾಗುವ ತನಕ ಮೆದು ಆಹಾರ ಕೊಡಿ. ಸಣ್ಣ ತುತ್ತುಗಳನ್ನು ನೆಟ್ಟಗೆ ಕುಳಿತು, ಚೆನ್ನಾಗಿ ಅಗಿದು ತಿನ್ನಲಿ. ಉಂಡ ಕೂಡಲೇ ಮಲಗಬಾರದು.

ರೋಗಕ್ಕೆ ಚಿಕಿತ್ಸೆ ಪಡೆಯಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ವೃದ್ಧ ತಂದೆತಾಯಿಯ ಮುಂದೆ ಬೇಸರದ ಒಂದು ಉದ್ಗಾರವೂ ಹೊರಡಬಾರದೆಂದು ಪವಿತ್ರ ಕುರ್‌ಆನ್ ಎಚ್ಚರಿಸಿದೆ. ಹಿರಿಯರು ತಮ್ಮ ಕಷ್ಟವನ್ನು ತಾವಾಗಿ ಹೇಳಲಾರರು. ಇಂದು ರಾತ್ರಿ ಊಟಕ್ಕೆ ಕುಳಿತಾಗ ನೀವೇ ಮೆಲ್ಲಗೆ ಕೇಳಿ: "ಅಪ್ಪಾ, ನುಂಗಲು ಕಷ್ಟವಾಗುತ್ತಿದೆಯೇ?"