ಸೀಮೆಸುಣ್ಣ ಬಿಟ್ಟು ಮೌಸ್ ಹಿಡಿದ ಕಥೆ

ಬೀದರ್‌ನಿಂದ ಹೈದರಾಬಾದಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಬಾಲಾನಗರದಲ್ಲಿ ನನ್ನದೊಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್ಡು, ನಾಲ್ಕು ಜನ ಕೆಲಸಗಾರರು. ಇಷ್ಟು ವರ್ಷ ನಮ್ಮಲ್ಲಿ ಡ್ರಾಯಿಂಗ್ ಎಂದರೆ ಶೀಟಿನ ಮೇಲೆ ಸೀಮೆಸುಣ್ಣದ ಗೆರೆ, ಇಲ್ಲವೇ ನೋಟ್‌ಬುಕ್ ಹಾಳೆ. ಅದೇ ಹಾಳೆಯ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಲೇಸರ್ ಕಟಿಂಗ್‌ನವರಿಗೆ ಕಳಿಸುತ್ತಿದ್ದೆ.

ಹೋದ ವರ್ಷ ಆ ಹಾಳೆಯೇ ಕೈಕೊಟ್ಟಿತು. ನಾನು ಬರೆದ 65 ಅವರ ಕಣ್ಣಿಗೆ 85 ಆಗಿ ಕಂಡಿತು. ನಲವತ್ತು ಬೇಸ್‌ಪ್ಲೇಟುಗಳ ತೂತುಗಳೆಲ್ಲ ತಪ್ಪಿದವು. ತಪ್ಪು ಅವರದಲ್ಲ, ನನ್ನ ಅಕ್ಷರದ್ದು. ಮಾಲು ಗುಜರಿಗೆ ಹೋಯಿತು. ಆ ತಿಂಗಳ ಸಂಬಳಕ್ಕೆ ನಾನು ಸಾಲ ಮಾಡಬೇಕಾಯಿತು.

ಅಮೀರ್‌ಪೇಟೆಯಲ್ಲಿ ಆಟೋಕ್ಯಾಡ್ ಕಲಿತ ನಮ್ಮಣ್ಣನ ಮಗ ಒಂದು ಪೆನ್‌ಡ್ರೈವ್ ತಂದ. "ಕಾಕಾ, ಇದ್ರಾಗ ಎಲ್ಲಾ ಅದ. ಪುಕ್ಕಟೆ!" ಎಂದ. ಕ್ರ್ಯಾಕ್ ಮಾಡಿದ ಕಾಪಿ. ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ, ಗೊತ್ತಿದ್ದೂ ಕಳ್ಳ ಪ್ರತಿ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ವ್ಯಾಪಾರಕ್ಕಲ್ಲದೆ ಬಳಸಿದವರಿಗೆ ಕೋರ್ಟು ಜೈಲು ಬಿಟ್ಟು ದಂಡವನ್ನಷ್ಟೇ ಹಾಕಬಹುದು. ನಮ್ಮದು ವ್ಯಾಪಾರವೇ.

ದುಡ್ಡು ಕೊಟ್ಟು ತಗೊಳ್ಳೋಣವೆಂದರೆ ಆಟೋಕ್ಯಾಡ್ ಈಗ ಒಮ್ಮೆ ಕೊಂಡು ಇಟ್ಟುಕೊಳ್ಳುವ ಸಾಮಾನಲ್ಲ. 2016ರಿಂದ ಹೊಸ ಗಿರಾಕಿಗೆ ಬಾಡಿಗೆ ಲೆಕ್ಕವೇ ಗತಿ. ದಿನವಿಡೀ ಡ್ರಾಯಿಂಗ್ ಮಾಡುವವರಿಗೆ ಅದು ಸರಿ. ವಾರಕ್ಕೆ ನಾಲ್ಕು ಪ್ಲೇಟು ಬರೆಯುವ ನನಗೇಕೆ?

ಆಗ ಅವನನ್ನು ಕೂರಿಸಿಕೊಂಡು ಕೇಳಿದೆ, ನಮಗೆ ಬೇಕಾದ್ದೇನು? ಗೆರೆ, ವೃತ್ತ, ಅಳತೆ, ಪ್ರಿಂಟು. ಲೇಸರ್‌ನವರು ಕೇಳುವುದು ಡಿಎಕ್ಸ್‌ಎಫ್ ಫೈಲು. ಇಷ್ಟಕ್ಕೆ ಲಿಬ್ರೆಕ್ಯಾಡ್ ಸಾಕಾಯಿತು. ಪೂರ್ತಿ ಉಚಿತ, ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ, ಸೇವ್ ಮಾಡುವುದೇ ಡಿಎಕ್ಸ್‌ಎಫ್‌ನಲ್ಲಿ. 3ಡಿ ಇಲ್ಲ. ಅದು ಬೇಕಾದವರಿಗೆ ಫ್ರೀಕ್ಯಾಡ್ ಇದೆ, ಶೀಟ್‌ಮೆಟಲ್ ಎಂಬ ಆಡ್‌ಆನ್ ಹಾಕಿಕೊಂಡರೆ ಬಾಗಿಸಿದ ಶೀಟನ್ನು ಬಿಚ್ಚಿ ಚಪ್ಪಟೆ ಮಾಡಿ ತೋರಿಸುತ್ತದೆ. ಆದರೆ ಕಲಿಯಲು ತಾಳ್ಮೆ ಬೇಕು. ದೊಡ್ಡ ಕಂಪನಿಯವರು ಡಿಡಬ್ಲ್ಯೂಜಿ ಫೈಲು ಕಳಿಸಿದಾಗ ಓಡಿಎ ಎಂಬ ಉಚಿತ ಕನ್ವರ್ಟರ್‌ನಿಂದ ಡಿಎಕ್ಸ್‌ಎಫ್ ಮಾಡಿಕೊಳ್ಳುತ್ತೇವೆ.

ಪುಕ್ಕಟೆ ಸಿಕ್ಕ ಮಾತ್ರಕ್ಕೆ ತಪ್ಪು ನಿಲ್ಲಲಿಲ್ಲ. ನಾವು ಪೆಟ್ಟು ತಿಂದು ಕಲಿತದ್ದನ್ನು ನಿಮಗೂ ಹೇಳುತ್ತೇನೆ. ಮೊದಲು ಯೂನಿಟ್ ಮಿಲಿಮೀಟರ್ ಇದೆಯೇ ನೋಡಿ. ಇಂಚು ಇದ್ದರೆ ಮಾಲು 25.4 ಪಟ್ಟು ಎಡವಟ್ಟು. ಒಂದೇ ಗೆರೆ ಎರಡು ಸಲ ಬಿದ್ದಿದ್ದರೆ ಲೇಸರ್ ಎರಡು ಸಲ ಕತ್ತರಿಸುತ್ತದೆ, ಬಿಲ್ಲೂ ಹಾಗೇ ಬರುತ್ತದೆ. ಮೂಲೆಯ ಗೆರೆಗಳು ಕೂಡಿರಬೇಕು, ಬಾಯಿ ಬಿಟ್ಟಿದ್ದರೆ ಮಷಿನ್ ಒಪ್ಪುವುದಿಲ್ಲ.

ಇನ್ನೊಂದು ಮಾತು. ಹುಡುಗ 50ಕ್ಕೆ 50ರ ಎಲ್ ಬ್ರ್ಯಾಕೆಟ್‌ಗೆ 100 ಮಿಲಿಮೀಟರ್ ಪಟ್ಟಿ ಬರೆದಿದ್ದ. 3 ಮಿಲಿಮೀಟರ್ ಶೀಟು, ಒಳತಿರುವೂ ಅಷ್ಟೇ ಇದ್ದರೆ ಪಟ್ಟಿ ಬೇಕಾಗುವುದು ಸುಮಾರು 94.5. ಬಾಗುವಾಗ ಶೀಟು ಹಿಗ್ಗುತ್ತದೆಂದು ಲಿಬ್ರೆಕ್ಯಾಡ್‌ಗೆ ಗೊತ್ತಿಲ್ಲ, ನನಗೆ ಗೊತ್ತಿತ್ತು. ಅವತ್ತು ಮೊದಲ ಸಲ ಅವನು ಮೌಸ್ ಬಿಟ್ಟು ನನ್ನ ಪಕ್ಕ ಪ್ರೆಸ್ ಬ್ರೇಕ್ ಹತ್ತಿರ ಬಂದು ನಿಂತ.

ಈಗ ನಮ್ಮಲ್ಲೊಂದು ನಿಯಮವಿದೆ. ಡ್ರಾಯಿಂಗನ್ನು ಒಂದಕ್ಕೊಂದು ಅಳತೆಯಲ್ಲಿ ಪ್ರಿಂಟ್ ತೆಗೆದು, ಟೇಪ್ ಹಿಡಿದು, ಇಬ್ಬರೂ ಸಹಿ ಹಾಕಿದ ಮೇಲೇ ಫೈಲು ಹೊರಡಬೇಕು. ನನ್ನ ಸಹಿ ಈಗಲೂ ಯಾರಿಗೂ ಓದಲು ಬರುವುದಿಲ್ಲ. ಅಳತೆ ಮಾತ್ರ ಎಲ್ಲರಿಗೂ ಒಂದೇ ಥರ ಕಾಣುತ್ತದೆ.